ಬಣ್ಣದ ಕಾಲಂ

ಐವತ್ಮೂರಕ್ಕೆ ಕಾಲೇಜು ಸೇರಿದೆ.
ಹಗಲು ಲೆಟಿಸ್ ಶೆಡ್ಡಿನ ಪೆಟ್ಟಿಗೆ ಲೆಕ್ಕ,
ಮಂಗಳವಾರ, ಗುರುವಾರ ಸಂಜೆ ಆರೂವರೆಗೆ
ಇಂಪೀರಿಯಲ್ ಕಣಿವೆಯ ಧಗೆಯಿಂದೆದ್ದು ಬಂದು
ಏಸಿಯ ಕೆಳಗೆ ನಡುಗುತ್ತ ಕೂರುವ ಪಾಠ:
ಜನಾಂಗಗಳ ಚರಿತ್ರೆ, ಸಂಸ್ಕೃತಿ, ಗುರುತು.
ಮೂರು ಕ್ರೆಡಿಟ್.

ಮೊದಲ ದಿನ ಒಲಿವಾರೆಸ್ ಮೇಡಂ ಅಂದರು,
ನೀವು ಯಾರು? ಮೂರು ಸಾಲಲ್ಲಿ ಬರೆಯಿರಿ.
ಪಕ್ಕದ ಹುಡುಗ ಟಾವಿಯೋನ್ ಮೂರೂ ತುಂಬಿಸಿ
ಪೆನ್ನು ಮುಚ್ಚಿ ಕಿಟಕಿ ನೋಡತೊಡಗಿದ.
ನಾನು ಬರೆದೆ: ಸೊಕೊರ್ರೊ ಸಿಂಗ್.
ಮುಂದಿನ ಸಾಲು ಹೊಳೆಯಲಿಲ್ಲ.
ಹಾಜರಿ ಕೂಗಿದರೆ ಹೆಸರಿನ ಮೊದಲರ್ಧಕ್ಕೆ ಯಾರೂ ತಿರುಗುವುದಿಲ್ಲ,
ಎರಡನೆಯದಕ್ಕೆ ಎಲ್ಲರೂ.
ಹುಟ್ಟಿದಂದಿನಿಂದ ರೂಢಿ,
ನೊಣ ಅಟ್ಟಿದ ಹಾಗೆ ಕೈಯಾಡಿಸಿಬಿಡುತ್ತೇನೆ.

ಐದನೇ ವಾರ: ಕೌಂಟಿ ಕಚೇರಿಗೆ ಹೋಗಿ
ನಿಮ್ಮ ಮನೆಯದೊಂದು ಕಾಗದ ಹುಡುಕಿ ತನ್ನಿ.
ಎರಡು ಡಾಲರಿನ ನೆರಳಚ್ಚು.
ಹತ್ತೊಂಬತ್ತನೇ ಇಸವಿಯ ಮದುವೆ ಪರವಾನಗಿ.
ವರ, ಮುನ್ಷಾ ಸಿಂಗ್. ದೇಶ ಹಿಂದೂಸ್ಥಾನ. ಕಸುಬು ಹತ್ತಿ.
ವಧು, ಎಲ್ವೀರಾ ಕಾನ್ಯೆದೊ. ದೇಶ ಮೆಕ್ಸಿಕೊ. ಕಸುಬು ಇಲ್ಲ
(ಹತ್ತಿ ಬಿಡಿಸಿ ಬಿಡಿಸಿ ಉಗುರು ಸೀಳಿದವಳಿಗೆ
ಕಸುಬು ಇಲ್ಲ).
ಆಮೇಲೆ ಬಣ್ಣದ ಕಾಲಂ.
ಅಜ್ಜನ ಮುಂದೆ: ಕಂದು.
ಅಜ್ಜಿಯ ಮುಂದೆ ಮೊದಲು ಬಿಳಿ ಎಂದು ಬರೆದು
ಗೀಟು ಹೊಡೆದು
ಅದರ ನೆತ್ತಿಯ ಮೇಲೆ, ಅವಸರದ ಅಕ್ಷರದಲ್ಲಿ:
ಕಂದು.

ಆಗಿನ ಕಾನೂನು, ಮೇಡಂ ತಿಳಿಸಿದರು,
ಬಿಳಿ ಇನ್ನೊಂದು ಬಣ್ಣದ ಕೈ ಹಿಡಿಯುವಂತಿಲ್ಲ.
ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ.
ಇಲ್ಲಿ ಒಂದೇ ಸಾಕಾಯಿತು.

ಆದರೂ ಆ ಗುಮಾಸ್ತ ನನ್ನ ನಿದ್ದೆಗೆ ಅಡ್ಡ ಬರುತ್ತಾನೆ.
ಯಾಕೆ ಗೀಟೆಳೆದೆಯಪ್ಪ?
ಊಟದ ಹೊತ್ತಾಗಿತ್ತೇ? ಅಜ್ಜ ಅಂಗೈಗೆ ಏನಾದರೂ ತುರುಕಿದನೇ?
ಇಲ್ಲಾ, ಅಜ್ಜಿಯೇ ತೋಳು ಮೇಲೆತ್ತಿ, ಮೇಜಿನ ಮೇಲಿಟ್ಟು,
ನೋಡಿಕೋ, ನಿಮ್ಮ ಬಿಸಿಲು ನನ್ನನ್ನು ಬಿಳಿ ಉಳಿಸಿದೆಯೇ
ಅಂದಳೇ?
ಹಾಗನ್ನಲು ಅವಳಿಗೆ ಇಂಗ್ಲಿಷ್ ಇರಲಿಲ್ಲ.
ಅಜ್ಜನಿಗೆ ಇದ್ದ ಸ್ಪ್ಯಾನಿಷ್
ನೀರು, ಕೂಲಿ, ಹೇಸರಗತ್ತೆ, ನಾಳೆ.
ಇಷ್ಟರಲ್ಲಿ ಅವನು ಮದುವೆಯ ಮಾತು ಹೇಗೆ ಎತ್ತಿದ
ಎಂಬುದಕ್ಕೆ ಯಾವ ಕಚೇರಿಯಲ್ಲೂ ನೆರಳಚ್ಚು ಸಿಗುವುದಿಲ್ಲ.

ಪರೀಕ್ಷೆಯ ಪ್ರಶ್ನೆ: ನಿಮ್ಮ ದಾಖಲೆ ನಂಬಲರ್ಹವೇ? ಐನೂರು ಪದ.
ಅಲ್ಲ, ಬರೆದೆ. ಶುದ್ಧ ಸುಳ್ಳು.
ಆ ಸುಳ್ಳಿಗೆ ಏಳು ಮಕ್ಕಳು,
ನಾಲ್ಕನೆಯವನು ನನ್ನಪ್ಪ.
ಆ ಸುಳ್ಳು ಕಲ್ಲಂಗಡಿ ಬೆಳೆಯಿತು, ಸಾಲ ತೀರಿಸಿತು,
ಭಾನುವಾರ ಚರ್ಚಿಗೆ ಮಕ್ಕಳನ್ನು ಕಳಿಸಿ
ತಾನು ಹೊರಗೆ ಟ್ರಕ್ಕಿನಲ್ಲಿ ಕೂತು ಗಡ್ಡ ಬಾಚಿಕೊಂಡಿತು.
ಈಗ ಅದಕ್ಕೆ ರಕ್ತದೊತ್ತಡ,
ನಿಮ್ಮ ಎರಡನೇ ಬೆಂಚಿನಲ್ಲಿ ಕೂತಿದೆ.
ಮೇಡಂ ಅಂಚಿನಲ್ಲಿ ಗೀಚಿದ್ದರು:
ಚೆನ್ನಾಗಿದೆ. ಆದರೆ ಆಧಾರ? ಬಿ ಪ್ಲಸ್.

ಆಧಾರಕ್ಕೆಂದು ಭಾನುವಾರ ಸ್ಮಶಾನಕ್ಕೆ ಹೋದೆ.
ಅಜ್ಜಿ ಕ್ಯಾಥೊಲಿಕರ ಸಾಲಿನಲ್ಲಿ,
ಮೂಗು ಮುಕ್ಕಾದ ದೇವದೂತನ ಕೆಳಗೆ.
ಅಜ್ಜನನ್ನು ಸುಟ್ಟು ಉಳಿದದ್ದಕ್ಕೆ ನೆಟ್ಟ ಕಲ್ಲು
ಬೇಲಿಯಾಚೆ, ಕಾಲುವೆ ಬದಿಯ ಮೂಲೆಯಲ್ಲಿ.
ಆ ಮೂಲೆಯ ಹಲಗೆ ಈಗಲೂ 'ಹಿಂದೂಗಳು' ಅನ್ನುತ್ತದೆ,
ಗುರುವಿನ ಹೆಸರು ಬಿಟ್ಟು ಬೇರೆ ಹೆಸರೆತ್ತದವನ ತಲೆಯ ಮೇಲೆ.
ಕಾಗದದಲ್ಲಿ ಒಂದೇ ಮಸಿಯಲ್ಲಿ ಒಂದೇ ಬಣ್ಣವಾದವರು.

ನಡುವಿನ ದೂರ ಎಣಿಸಿದೆ. ಅರವತ್ತೊಂದು ಹೆಜ್ಜೆ.
ವಾಪಸು ಬರುವಾಗ ಮೊಣಕಾಲು ಹಿಡಿದಿತ್ತು,
ಅರವತ್ತೆಂಟಾಯಿತು.
ಅಡಿಟಿಪ್ಪಣಿಯಲ್ಲಿ ಎರಡನ್ನೂ ಕೊಟ್ಟಿದ್ದೇನೆ, ಮೇಡಂ.